ಒಬ್ಬರ ದಾರಿಯ ಉದ್ದ

ನಮ್ಮೂರಿನ ಓಟದಲ್ಲಿ ಕೊನೆಗೆ ಓದಿ ಹೇಳುವುದು ದೂರವನ್ನು. ಎಷ್ಟು ಹೊತ್ತಿನಲ್ಲಿ ಓಡಿದಿರಿ ಎಂದು ಯಾರೂ ಕೇಳುವುದಿಲ್ಲ. ಹೆಂಚಿನ ಕಾರ್ಖಾನೆಯ ಒಂದು ಗಂಟೆಯ ಸೈರನ್ ಕೂಗುವುದರೊಳಗೆ ಮೈದಾನದ ಸುಣ್ಣದ ಗೆರೆ ದಾಟಿದರೆ ಸಾಕು. ದಾಟಿದವರ ಸೊಂಟದಿಂದ ರುದ್ರಮುನಿ ಮಾಸ್ತರರು ಹೆಜ್ಜೆ ಎಣಿಸುವ ತಗಡಿನ ಡಬ್ಬಿಯನ್ನು ಬಿಚ್ಚಿಕೊಂಡು, ಕನ್ನಡಕ ಹಣೆಗೇರಿಸಿ, ಮೈಕಿನಲ್ಲಿ ಅಂಕಿ ಓದುತ್ತಾರೆ. ಎಲ್ಲರೂ ಓಡುವುದು ಒಂದೇ ರಸ್ತೆ. ಮೈದಾನದಿಂದ ಹೊರಟು, ಕೆರೆ ಏರಿಯ ಮೇಲೆ ಹೋಗಿ, ಜೋಳದ ಹೊಲಗಳನ್ನು ಸುತ್ತಿ, ರೈಲ್ವೆ ಗೇಟು ದಾಟಿ ಮತ್ತೆ ಮೈದಾನ. ಅಂಕಿ ಮಾತ್ರ ಬೇರೆ ಬೇರೆ. ಜೋಡಿಯಾಗಿ ಓಡಿದವರಿಗೆ ನಲವತ್ತೆರಡು ಕಿಲೋಮೀಟರಿನ ಆಚೀಚೆ. ಒಬ್ಬರೇ ಓಡಿದವರಿಗೆ ಐವತ್ತು, ಐವತ್ತೆರಡು. ಒಬ್ಬರೇ ಹೋಗುವವರಿಗೆ ದಾರಿ ಹೆಚ್ಚಾಗುತ್ತದೆ.

ಇದಕ್ಕೆ ಊರು ಹೊಂದಿಕೊಂಡಿದೆ. ಅಂಚೆಯವರು ಇಬ್ಬಿಬ್ಬರೇ ಬರುತ್ತಾರೆ. ಶಾಲೆಗೆ ತಡವಾಗಿ ಬಂದ ಮಗುವನ್ನು ಬೈಯುವ ಮೊದಲು, ‘ಯಾರ ಜೊತಿ ಬಂದಿ?’ ಎಂದು ಕೇಳುತ್ತಾರೆ. ಬಸ್ ಸ್ಟ್ಯಾಂಡಿನ ಹುಣಸೆ ಮರದ ಕೆಳಗೆ ಜೊತೆಗಾರರು ಕೂತಿರುತ್ತಾರೆ. ಸಂತೆಗೋ ಆಸ್ಪತ್ರೆಗೋ ಹೊರಟ ಒಬ್ಬಂಟಿಗರ ಜೊತೆ ನಡೆದು ಬರುವುದೇ ಅವರ ಕಸುಬು.

ಮದುವೆಯಾಗಿ ಇಲ್ಲಿಗೆ ಬರುವ ಮೊದಲು ನಾನು ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದ್ದೆ. ಬಂದ ಹೊಸದರಲ್ಲಿ ಈ ಊರಿನ ನಕ್ಷೆ ಬರೆಯಲು ಕೂತೆ. ನನ್ನ ಗಂಡ ಪ್ರಭುದೇವ ಹಾಳೆ ನೋಡಿ, “ಇದು ಯಾರ ನಕ್ಷಾ?” ಎಂದ.

“ಊರಿಂದು.”

“ಊರಿಂದಲ್ಲ, ನಮ್ಮಿಬ್ಬರದು. ಇದನ್ನ ಬಾಜೂ ಮನಿಯವರಿಗೆ ಕೊಟ್ಟರ ಅವರು ದಾರಿ ತಪ್ಪಿಸ್ಕೊಂಡು ಅಳಾಕತ್ತತಾರ” ಎಂದು ನಕ್ಕ.

ಆ ಹಾಳೆ ಈಗಲೂ ಇದೆ. ಅದರ ಪ್ರಕಾರ ಮನೆಯಿಂದ ನಾನು ಪಾಠ ಮಾಡುವ ಕಾಲೇಜಿಗೆ ಎರಡು ಫರ್ಲಾಂಗು. ಈಗ ಮೊದಲ ಗಂಟೆಗೆ ಒಂದು ತಾಸು ಮುಂಚೆ ಮನೆ ಬಿಡುತ್ತೇನೆ. ಪ್ರಭುವಿಗೆ ಜ್ವರ ಬಂತು. ಒಂಬತ್ತು ದಿನ ಇತ್ತು.

ನಾವಿಬ್ಬರೂ ಎರಡು ಸಲ ಓಡಿದ್ದೆವು. ಮೊದಲ ವರ್ಷ ನಲವತ್ತಮೂರು. “ಹೊಸ ಜೋಡಿ, ಇನ್ನೂ ಸ್ವಲ್ಪ ಸಡಿಲ ಐತಿ” ಎಂದು ಮಾಸ್ತರರು ಮೈಕಿನಲ್ಲೇ ಹೇಳಿ ಎಲ್ಲರನ್ನೂ ನಗಿಸಿದ್ದರು. ಎರಡನೇ ವರ್ಷ ನಲವತ್ತೊಂದು. ಮೂರನೆಯ ವರ್ಷದ ಓಟಕ್ಕೂ ಹೆಸರು ಕೊಟ್ಟಿದ್ದೆವು. ಓಟಕ್ಕೆ ಮೂರು ತಿಂಗಳಿರುವಾಗ ಪ್ರಭು ಹೋದ. ಬಟ್ಟೆಯ ಮೇಲೆ ಬರೆದ ನಂಬರು ಮಾತ್ರ ಎರಡೂ ಬಂದವು, ಒಂದೇ ಲಕೋಟೆಯಲ್ಲಿ. ನೂರಾ ಹದಿನೇಳು, ನೂರಾ ಹದಿನೇಳು.

ಒಂಟಿಯವರನ್ನು ಬೆಳಿಗ್ಗೆ ಐದೂವರೆಗೆ ಬಿಡುತ್ತಾರೆ, ಜೋಡಿಗಳನ್ನು ಏಳಕ್ಕೆ. ಆ ವರ್ಷ ನಾನು ಏಳಕ್ಕೆ ಹೋಗಿ ಜೋಡಿಗಳ ಸಾಲಿನಲ್ಲಿ ನಿಂತೆ. ನನ್ನ ನಂಬರು ಎದೆಯ ಮೇಲಿತ್ತು, ಅವನದನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡಿದ್ದೆ.

“ಶಾಲ್ಮಲಾ, ಇದು ಜೋಡಿಯವರ ಸಾಲು ಐತವಾ” ಎಂದರು ಮಾಸ್ತರರು.

“ಗೊತ್ತೈತ್ರಿ ಸರ.”

ಅವರು ನನ್ನ ಕಿಸೆಯನ್ನು ನೋಡಿದರು. ನನ್ನ ಸೊಂಟಕ್ಕೆ ಡಬ್ಬಿ ಕಟ್ಟಿದರು. ಈ ಊರಿನಲ್ಲಿ ಹೊಸದಾಗಿ ಒಬ್ಬರಾದವರೆಲ್ಲ ಒಂದು ಸಲ ಈ ತಪ್ಪು ಮಾಡುತ್ತಾರೆ. ಒಬ್ಬಾಕೆ ಸುಡುವ ಬೇಸಿಗೆಯಲ್ಲಿ ಗಂಡನ ದೊಡ್ಡ ಕೊಡೆ ಹಿಡಿದು, ಅದರ ನೆರಳಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಸಂತೆಗೆ ಹೋಗಿದ್ದಳಂತೆ. ದಾರಿ ಕೊಡೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನೂ ಅಂದು ರಸ್ತೆಯ ಬಲಕ್ಕೇ ಓಡಿದೆ, ಎಡಕ್ಕೆ ಒಬ್ಬರಷ್ಟು ಜಾಗ ಬಿಟ್ಟು. ಉಳಿದ ಜೋಡಿಗಳೆಲ್ಲ ದಾಟಿ ಹೋದರು. ರೈಲ್ವೆ ಗೇಟಿನ ಹತ್ತಿರ ಬಂದಾಗ ಸೈರನ್ ಕೂಗಿತು. ಡಬ್ಬಿ ನಲವತ್ತನಾಲ್ಕು ತೋರಿಸುತ್ತಿತ್ತು. ಅಂದರೆ ಮ್ಯಾರಥಾನ್ ಓಡಿ ಮುಗಿಸಿದ್ದೆ, ಗೆರೆ ಮಾತ್ರ ಬಂದಿರಲಿಲ್ಲ. ಗೇಟಿನ ಕಟ್ಟೆಯ ಮೇಲೆ ಕೂತೆ. ವ್ಯಾನು ಬಂದು ಕರೆದುಕೊಂಡು ಹೋಯಿತು. ಮುಗಿಸದವರ ಅಂಕಿಯನ್ನು ಓದುವುದಿಲ್ಲ. ಮುಗಿಯದ ದಾರಿಗೆ ಉದ್ದವಿಲ್ಲ ಎಂಬುದು ಇಲ್ಲಿನ ನಂಬಿಕೆ.

ನಾನು ಅತ್ತಿರಲಿಲ್ಲ. ಪ್ರಭು ಹೋದ ದಿನವೂ ಇಲ್ಲ, ಆಮೇಲೂ ಇಲ್ಲ. ಅದನ್ನು ಊರು ಗಮನಿಸಿತ್ತು. ನೀರಿನ ನಲ್ಲಿಯ ಬಳಿ ಒಬ್ಬಾಕೆ, “ಓದಿದಾಕಿ ನೋಡ್ರಿ, ಕಲ್ಲಿನಂಗ ಅದಾಳ. ಆಕಿಗೆ ದಾರಿ ಉದ್ದ ಆಗೈತೋ ಇಲ್ಲೋ” ಎಂದದ್ದು ಕಿವಿಗೆ ಬಿದ್ದಿತ್ತು. ಆಕೆಯ ಮೇಲೆ ಸಿಟ್ಟು ಬರಲಿಲ್ಲ. ದಾರಿ ಉದ್ದವಾದದ್ದು ನನಗೆ ಗೊತ್ತಿತ್ತು, ಆದರೆ ಕಲ್ಲಾಗಿದ್ದೇನೋ ಎಂಬ ಅನುಮಾನ ನನಗೂ ಇತ್ತು. ಒಳಗೆ ಏನಿದೆ ಎಂದು ನೋಡಿದರೆ ಏನೂ ಕಾಣುತ್ತಿರಲಿಲ್ಲ. ಗೆರೆ ದಾಟಿ ಒಂದು ಅಂಕಿ ಕೇಳಿಸಿಕೊಳ್ಳಬೇಕು ಎನಿಸಿತು. ಎಷ್ಟೇ ಇರಲಿ, ಅದನ್ನು ಯಾರಾದರೂ ಜೋರಾಗಿ ಓದಬೇಕು. ಈ ವರ್ಷ ಒಂಟಿಯವರ ಪಟ್ಟಿಯಲ್ಲಿ ಹೆಸರು ಬರೆಸಿದೆ.

ಮನೆಯಲ್ಲಿ ನಾನೂ ಅತ್ತೆ ನೀಲಗಂಗವ್ವನೂ ಇಬ್ಬರೇ. ಅಡಿಗೆ ಮನೆಯಿಂದ ನನ್ನ ಕೋಣೆಗೆ ಒಂದು ಉದ್ದದ ಪಡಸಾಲೆ ದಾಟಬೇಕು. ಮೊದಲು ಅದು ಹನ್ನೊಂದು ಹೆಜ್ಜೆ. ಈಗ ಇಪ್ಪತ್ತಾರು. ಅತ್ತೆ ಬೆಳಿಗ್ಗೆ ಚಹಾ ಮಾಡಿ, ಪಡಸಾಲೆಯ ನಡುವಿನ ಕಿಟಕಿಯ ಕಟ್ಟೆಯ ಮೇಲೆ ಲೋಟ ಇಟ್ಟು ಹಿಂದಿರುಗುತ್ತಿದ್ದರು. ನಾನು ಹೋಗಿ ತೆಗೆದುಕೊಳ್ಳುವ ಹೊತ್ತಿಗೆ ಅದು ಆರಿರುತ್ತಿತ್ತು. ಹದಿನೈದು ತಿಂಗಳಿಂದ ನಾನು ಆರಿದ ಚಹಾ ಕುಡಿಯುತ್ತಿದ್ದೆ. ಅದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ. ಅತ್ತೆ ಹೊರಗೆ ಹೋಗುವುದನ್ನೂ ನಿಲ್ಲಿಸಿದ್ದರು. ಕಾಯಿಪಲ್ಯ ಮನೆಯ ಬಾಗಿಲಿಗೇ ಬರುತ್ತಿತ್ತು. ಮಂಡಿ ನೋವಿರಬೇಕು ಎಂದುಕೊಂಡಿದ್ದೆ.

ಓಟಕ್ಕೆ ನಾಲ್ಕು ದಿನ ಇರುವಾಗ ಕಾಲೇಜಿನಿಂದ ಬಂದರೆ, ಹುಣಸೆ ಮರದ ಜೊತೆಗಾರ್ತಿ ಹುಲಿಗೆಮ್ಮ ನಮ್ಮ ಕಟ್ಟೆಯ ಮೇಲೆ ಎಲೆ ಹಾಕಿಕೊಳ್ಳುತ್ತ ಕೂತಿದ್ದಳು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು.

“ಬಾರವಾ ಟೀಚರ” ಎಂದಳು ಹುಲಿಗೆಮ್ಮ. “ನಿಮ್ಮತ್ತಿ ಹೇಳಿ ಕಳಿಸಿದ್ರು. ನಾ ಜೊತಿ ಓಡಿದ್ರ ಮೈಲಿಗೆ ಒಂದು ಫರ್ಲಾಂಗು ಖಾತ್ರಿ ಉಳಿತೈತಿ. ನನ್ನ ಬಾಯಿಗೆ ದಾರಿನೂ ಹೆದರ್ತೈತಿ. ಬಾಯಿ ಮುಚ್ಕೊಂಡು ಬಾ ಅಂದ್ರ ಅರ್ಧ ಫರ್ಲಾಂಗು, ನೋಡು ಮತ್ತ.”

“ನೀ ಓಡ್ತೀಯೇನ ಹುಲಿಗೆಮ್ಮ?”

“ಓಡೂದು ಯಾಕ? ಜೋರ ನಡೀತೀನಿ. ಎರಡು ಮದಿವಿ, ಆರು ಹೆಣ, ಒಂದು ಕೋರ್ಟ್ ಕೇಸು, ಎಲ್ಲಾಕ್ಕೂ ಜೊತಿ ನಡದಾಕಿ ನಾ. ಓಟ ಅಂದ್ರ ಏನು ದೊಡ್ಡದು.”

ಬೇಡ ಎಂದೆ. ಅತ್ತೆಯ ಕಡೆ ತಿರುಗಿ, “ನಾ ಒಬ್ಬಾಕೀನ ಓಡ್ತೀನ್ರಿ ಅತ್ತೀ” ಎಂದೆ. ಅವರು ತಿರುಗಿ ಒಳಗೆ ಹೋದರು. ಹುಲಿಗೆಮ್ಮ ಎದ್ದು ಸೆರಗು ಕೊಡವಿಕೊಂಡು, “ಈ ಮನ್ಯಾಗ ಇಬ್ಬರು ಹೆಂಗಸರದ್ದೂ ಬಾಯಿ ಯಾರರ ಹೊಲದು ಹೋಗ್ಯಾರೇನ?” ಎಂದು ಹೇಳಿ ಹೋದಳು. ಅತ್ತೆಗೆ ಬೇಸರವಾಯಿತು ಎಂದುಕೊಂಡೆ. ಹಿಂದೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ಓಟದ ದಿನ ಐದು ಗಂಟೆಗೆ ಹೊರಡುವಾಗ ಕಿಟಕಿಯ ಕಟ್ಟೆಯ ಮೇಲೆ ಚಹಾ ಇರಲಿಲ್ಲ. ಅಡಿಗೆ ಮನೆಯಲ್ಲಿ ದೀಪ ಉರಿಯುತ್ತಿತ್ತು. “ಬರ್ತೀನ್ರಿ” ಎಂದೆ. “ಹೂಂ” ಎಂದು ಕೇಳಿಸಿತು. ಕಾರ್ಖಾನೆಯ ಕೆಲಸಕ್ಕೆ ಹೊರಟವರ ಟೆಂಪೊ ನಮ್ಮ ಓಣಿಯಲ್ಲಿ ನಿಂತಿತ್ತು. ಕೈ ಮಾಡಿದೆ. ಆರು ಜನರ ನಡುವೆ ಕೂತು ಎರಡು ನಿಮಿಷದಲ್ಲಿ ಮೈದಾನ ಸೇರಿದೆ.

ಒಂಟಿಯವರು ಹನ್ನೊಂದು ಜನ ಇದ್ದೆವು. ಮಾಸ್ತರರು ಎಲ್ಲರ ಸೊಂಟಕ್ಕೂ ಡಬ್ಬಿ ಕಟ್ಟಿದರು. ನನ್ನ ಬಳಿ ಬಂದಾಗ ಕಿಸೆಯ ಕಡೆ ನೋಡಿದರು.

“ಖಾಲಿ ಐತ್ರಿ ಸರ” ಎಂದೆ.

“ಬೇಷ್. ಸಾವಕಾಶ ಓಡವಾ. ದಾರಿ ಮ್ಯಾಲ ಸಿಟ್ಟು ಮಾಡ್ಕೋಬ್ಯಾಡ.”

ಸೀಟಿ ಊದಿದರು. ಹನ್ನೊಂದೂ ಜನ ಒಟ್ಟಿಗೇ ಹೊರಟೆವು. ಮೊದಲ ತಿರುವಿನಲ್ಲೇ ಒಬ್ಬರಿಗೊಬ್ಬರು ಕಾಣದಾದೆವು.

ಹೆಚ್ಚಾದ ದಾರಿಯಲ್ಲಿ ಹೊಸದೇನೂ ಇರುವುದಿಲ್ಲ. ಹೊರಗಿನವರು ಅದನ್ನೇ ಕೇಳುತ್ತಾರೆ, ಅಲ್ಲಿ ಏನು ಕಾಣುತ್ತದೆ ಎಂದು. ಏನೂ ಇಲ್ಲ. ಎರಡು ವಿದ್ಯುತ್ ಕಂಬಗಳ ನಡುವೆ ತಂತಿ ಮೊದಲಿನಷ್ಟೇ ಇರುತ್ತದೆ, ನೆಲ ಹೆಚ್ಚಾಗಿರುತ್ತದೆ. ಮುಂದಿನ ಬೇವಿನ ಮರ ಕಾಣುತ್ತದೆ, ಅದರ ಕೆಳಗೆ ಕಟ್ಟಿದ ಎಮ್ಮೆಯೂ ಕಾಣುತ್ತದೆ. ಅದು ಬಾಲ ಬೀಸುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ. ನಾವು ಇನ್ನೂ ಅಲ್ಲಿಗೆ ಹೋಗುತ್ತಲೇ ಇರುತ್ತೇವೆ. ಈ ವರ್ಷ ನಾನು ರಸ್ತೆಯ ನಡುವೆ ಓಡಿದೆ. ಯಾರಿಗೂ ಜಾಗ ಬಿಡಲಿಲ್ಲ.

ಕೆರೆ ಏರಿಯ ಮೇಲೆ ಬಿಸಿಲು ಏರಿತ್ತು. ಹಿಂದಿನಿಂದ ಜಗಳ ಕೇಳಿಸಿತು. ಕಿರಾಣಿ ಅಂಗಡಿಯ ಕಲ್ಲಪ್ಪ ಮತ್ತು ಸಂಗವ್ವ, ಗಂಡ ಹೆಂಡತಿ. ಇಬ್ಬರೂ ಐವತ್ತು ದಾಟಿದವರು. ಪ್ರತಿ ವರ್ಷ ಓಡುತ್ತಾರೆ, ದಾರಿಯುದ್ದಕ್ಕೂ ಜಗಳವಾಡುತ್ತಾರೆ, ಪ್ರತಿ ವರ್ಷ ಮೂವತ್ತೊಂಬತ್ತು ಬರುತ್ತದೆ. ಅದೇ ಊರಿನ ದಾಖಲೆ. ಹಿಂದೊಮ್ಮೆ ದೊಡ್ಡ ಆಸ್ಪತ್ರೆಯ ಡಾಕ್ಟರು ಮತ್ತು ಅವರ ಹೆಂಡತಿ, ಎಂದೂ ಏರುದನಿಯಲ್ಲಿ ಮಾತಾಡದವರು, ಕೈಕೈ ಹಿಡಿದು ಓಡಿ ಗೆರೆ ದಾಟಿದರು. ಅವರ ಅಂಕಿ ಐವತ್ತೆಂಟು. ಆಮೇಲೆ ಅವರು ಓಡಲಿಲ್ಲ.

“ಬಾಗಲಾ ಹಾಕಿಲ್ಲ ಅಂತೀನಿ ನಾನು” ಎನ್ನುತ್ತಿದ್ದಳು ಸಂಗವ್ವ.

“ಹಾಕೀನಿ.”

“ಎಲ್ಲಿ ಹಾಕೀರಿ? ಕೀಲಿ ನನ್ನ ಸೊಂಟದಾಗ ಐತಿ!”

“ಅದು ಹಳೇ ಕೀಲಿ ಐತಲೇ.”

“ಹಳೇ ಕೀಲಿಯಂತ! ಹಳೇ ಗಂಡ ನೀವು...” ನನ್ನನ್ನು ನೋಡಿ ಆಕೆ ತಡೆದಳು. “ಯವ್ವಾ ಶಾಲ್ಮಲಾ, ನೀರು ಕುಡೀತೀಯೇನ? ಏನ್ರೀ, ಬಾಟ್ಲಿ ಕೊಡ್ರಿ ಆಕಿಗೆ.”

ಕಲ್ಲಪ್ಪ ಬಾಟಲಿ ಕೊಟ್ಟ. ನೀರು ಕುಡಿಯುವಷ್ಟು ಹೊತ್ತು ಮೂವರೂ ಒಟ್ಟಿಗೆ ಓಡಿದೆವು. ಬೇವಿನ ಮರ ಥಟ್ಟನೆ ಹಿಂದಕ್ಕೆ ಹೋಯಿತು. ಒಂಟಿಯವರು ಜೋಡಿಗಳ ಜೊತೆ ಕೂಡಿಕೊಳ್ಳುವಂತಿಲ್ಲ, ಅದು ಓಟದ ನಿಯಮ. ಬಾಟಲಿ ಹಿಂದಿರುಗಿಸಿ ನಾನು ನಿಧಾನಿಸಿದೆ. “ಹಾಕಿಲ್ಲಂದ್ರ ಹಾಕಿಲ್ಲ ಅನ್ರಿ, ನಾ ಏನ್ ನುಂಗ್ತೀನೇನು” ಎನ್ನುತ್ತ ಅವರು ಹೋದರು. ಆ ಮಾತು ಹೊಲದ ಮೇಲೆ ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ನನ್ನ ಬೂಟಿನ ಸದ್ದು.

ಆ ಹೊಲಗಳ ನಡುವೆ ಒಮ್ಮೆ ಪ್ರಭುವಿನ ಜೊತೆ ಮಾತಾಡಿ ನೋಡಿದೆ. ಅಂಗಡಿ ಬಾಗಿಲು ಹಾಕಿದ್ದೀಯಾ ಎಂದು ಕೇಳಿದೆ. ನಮಗೆ ಅಂಗಡಿಯೇ ಇರಲಿಲ್ಲ. ಜಗಳಕ್ಕೆ ಬೇರೇನೂ ಹೊಳೆಯಲಿಲ್ಲ. ದಾರಿ ಇದ್ದಷ್ಟೇ ಇತ್ತು.

ಗೇಟು ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಡಬ್ಬಿ ನೋಡಿದೆ. ನಲವತ್ತೊಂಬತ್ತು. ಹೋದ ವರ್ಷ ಇದೇ ಗೇಟಿಗೆ ನಲವತ್ತನಾಲ್ಕು. ವರ್ಷದಲ್ಲಿ ದಾರಿ ಐದು ಕಿಲೋಮೀಟರು ಬೆಳೆದಿತ್ತು. ದಿನ ಕಳೆದಂತೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ಕೈ ಹಿಡಿದು ಹೇಳಿದವರೆಲ್ಲ ನೆನಪಾದರು. ನಾನು ಲೆಕ್ಕ ಹಾಕಿಕೊಂಡಿದ್ದು ಹೋದ ವರ್ಷದ ದಾರಿಗೆ. ತಾಲೀಮು ಮಾಡಿದ್ದೂ ಅಷ್ಟಕ್ಕೇ. ಮೇಲಾಗಿ ಗೇಟು ಮುಚ್ಚಿತ್ತು.

ಗೇಟಿನ ಲಾಲಸಾಬ ಹಸಿರು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. “ಹೋದ ವರ್ಷ ಇಲ್ಲೇ ಕುಂತಿದ್ರಿ ಅಲ್ರೀ ಟೀಚರ?”

“ಹೌದು.”

“ಈ ವರ್ಷ ಕುಂದರಬ್ಯಾಡ್ರಿ. ಕುಂತ್ರ ಕಾಲು ಕಲ್ಲಾಕ್ಕಾವ. ನಿಂತಲ್ಲೇ ಕಾಲು ಆಡಸ್ರಿ. ಗೂಡ್ಸ್ ಗಾಡಿ, ಈಗ ಬಂತು.”

ಗಾಡಿ ಬಂತು, ಹೆಂಚು ತುಂಬಿದ ಬೋಗಿಗಳು ಒಂದರ ಹಿಂದೆ ಒಂದು. ಆರು ನಿಮಿಷ ಹೋಯಿತು. ಲಾಲಸಾಬ ತನ್ನ ಗಡಿಗೆಯಿಂದ ನನ್ನ ತಲೆಯ ಮೇಲೆ ನೀರು ಸುರಿದ. ಗೇಟು ಎತ್ತಿ, “ನಡೀರಿ, ಹಳಿ ದಾಟೂತನಾ ಬರ್ತೀನಿ. ಅದರಾಚಿಗೆ ನನ್ನ ಡ್ಯೂಟಿ ಇಲ್ಲ” ಎಂದು ಜೊತೆಗೆ ಓಡಿದ. ಹಳಿ ದಾಟಲು ಮೂರೇ ಹೆಜ್ಜೆ ಸಾಕಾಯಿತು. ಆಚೆ ಕಾಲಿಟ್ಟ ಕೂಡಲೇ ರಸ್ತೆ ಚಾಪೆ ಬಿಚ್ಚಿದ ಹಾಗೆ ಉದ್ದಕ್ಕೆ ಬಿಚ್ಚಿಕೊಂಡಿತು.

ಆ ಕೊನೆಯ ತಾಸಿನ ಬಗ್ಗೆ ಹೆಚ್ಚು ಬರೆಯಲಾರೆ. ಮೈದಾನದಲ್ಲಿ ದಾರಕ್ಕೆ ಕಟ್ಟಿದ ಬಣ್ಣದ ಕಾಗದದ ಪರಪರಿ ಕಾಣುತ್ತಿತ್ತು, ಎಮ್ಮೆ ಕಂಡ ಹಾಗೆ. ಅದನ್ನು ನೋಡುವುದನ್ನು ಬಿಟ್ಟು ನನ್ನ ಪಾದ ನೋಡುತ್ತ ಓಡಿದೆ. ಬಲಗಾಲಿನ ಉಗುರು ಕಿತ್ತು ಬೂಟಿನೊಳಗೆ ಒದ್ದೆಯಾಗಿತ್ತು. ಕೊನೆಗೊಮ್ಮೆ ಕಾಲ ಕೆಳಗೆ ಬಿಳಿ ಕಂಡಿತು. ಸುಣ್ಣ. ಮಾಸ್ತರರು ಓಡಿ ಬಂದು ಡಬ್ಬಿ ಬಿಚ್ಚಿದರು. ಅವರು ಕನ್ನಡಕ ಹಣೆಗೇರಿಸುತ್ತಿದ್ದಾಗ ಸೈರನ್ ಕೂಗಿತು. ಅದು ನಿಲ್ಲುವವರೆಗೆ ಕಾದರು.

“ನೂರಾ ಮೂರು. ಶಾಲ್ಮಲಾ ಪ್ರಭುದೇವ. ಐವತ್ತೇಳು.”

ಐವತ್ತು ದಾಟಿದ ಅಂಕಿಗೆ ಇಲ್ಲಿ ಚಪ್ಪಾಳೆ ಹೊಡೆಯುವುದಿಲ್ಲ. ಟೋಪಿ ಇದ್ದವರು ತೆಗೆದರು. ನಲ್ಲಿಯ ಬಳಿ ನನ್ನ ಬಗ್ಗೆ ಮಾತಾಡಿದ್ದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಗವ್ವ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು, ಆಕೆಯ ಜೀವನದಲ್ಲಿ ಮೊದಲ ಸಲವೇನೋ, ಏನೂ ಹೇಳದೆ ನಿಂತಳು. ಅಂಕಿ ಕೇಳಿದ ಮೇಲೆ ನನಗೆ ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಬಾಯಾರಿತ್ತು.

ಜನ ಚದುರಿದರು. ಪರಪರಿ ಬಿಚ್ಚಿದರು. ನಾನು ಧ್ವಜದ ಕಟ್ಟೆಯ ಮೇಲೆ ಕೂತೆ. ಮನೆ ಇಲ್ಲಿಂದ ಹತ್ತು ನಿಮಿಷ, ನಕ್ಷೆಯ ಪ್ರಕಾರ. ಒಬ್ಬಳೇ ನಡೆದರೆ ಎಷ್ಟೋ. ಏಳಲು ಮನಸ್ಸಾಗಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಮೈದಾನದ ಗೇಟಿನಲ್ಲಿ ಒಬ್ಬ ಹೆಂಗಸು ಕಂಡರು. ನೀಲಿ ಇಳಕಲ್ ಸೀರೆ, ಕೈಯಲ್ಲಿ ಥರ್ಮಾಸು. ನನ್ನ ಕಡೆಗೇ ಬರುತ್ತಿದ್ದರು, ಆದರೆ ಹತ್ತಿರವಾಗುತ್ತಿರಲಿಲ್ಲ. ಖಾಲಿ ಮೈದಾನದಲ್ಲಿ ಒಂದೇ ಸಮನೆ ಹೆಜ್ಜೆ ಹಾಕುತ್ತಿದ್ದರು, ಅಲ್ಲೇ ಇದ್ದರು. ಅದು ಅತ್ತೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ಎದುರಿಗೆ ಹೋದೆ. ನಾಲ್ಕೇ ಹೆಜ್ಜೆಗೆ ಸಿಕ್ಕರು.

“ಮುಗೀತೇನ?” ಎಂದರು. ಉಸಿರು ಕಟ್ಟಿತ್ತು.

“ಮುಗೀತ್ರಿ.”

“ಎಷ್ಟು?”

“ಐವತ್ತೇಳು.”

ಅವರು ತಲೆಯಾಡಿಸಿದರು. ಕೆಳಗೇ ಕೂತು ಚಪ್ಪಲಿ ಬಿಟ್ಟರು. ಒಂದರ ಪಟ್ಟಿ ಹರಿದು, ದಾರದಿಂದ ಪಾದಕ್ಕೇ ಕಟ್ಟಿಕೊಂಡಿದ್ದರು. ಹಿಮ್ಮಡಿ ಒಡೆದು ಕೆಂಪು ಮಣ್ಣು ತುಂಬಿತ್ತು. ಸೀರೆಯ ಅಂಚು ಮೊಣಕಾಲವರೆಗೆ ಹೆಂಚಿನ ದೂಳಿನಿಂದ ಕೆಂಪಾಗಿತ್ತು.

“ಯಾವಾಗ ಹೊಂಟ್ರೀ ಅತ್ತೀ?”

“ನೀ ಹೋದ ಮ್ಯಾಲ ಬಾಗಲಾ ಹಾಕ್ಕೊಂಡು ಹೊಂಟೆ. ನೀ ಗೆರಿ ದಾಟೂದು ನೋಡೂಣು ಅಂತ.” ಹಿಮ್ಮಡಿಯ ಮಣ್ಣು ಒರೆಸಿಕೊಳ್ಳುತ್ತ, “ತಡಾ ಆತು” ಎಂದರು.

ನಾನು ಮನೆ ಬಿಟ್ಟಾಗ ಐದು ಗಂಟೆ. ಈಗ ಎರಡು. ನಾನು ಭೂಗೋಳ ಓದಿದವಳು, ಒಂಬತ್ತು ತಾಸಿಗೆ ಅರವತ್ತೈದು ವರ್ಷದ ಹೆಂಗಸು ಎಷ್ಟು ದೂರ ನಡೆಯಬಹುದು ಎಂಬ ಲೆಕ್ಕ ಹಾಕಬಲ್ಲೆ. ಹದಿನೈದು ತಿಂಗಳಿಂದ ಅವರು ಯಾಕೆ ಹೊರಗೆ ಹೋಗುತ್ತಿಲ್ಲ ಎಂಬ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ. ನಾನು ಐವತ್ತೇಳನ್ನು ಓಡಿ, ಅದನ್ನು ಊರಿಗೆಲ್ಲ ಮೈಕಿನಲ್ಲಿ ಕೇಳಿಸಿದ್ದೆ. ಅವರ ಸೊಂಟಕ್ಕೆ ಯಾರೂ ಡಬ್ಬಿ ಕಟ್ಟಿರಲಿಲ್ಲ.

“ಹುಲಿಗೆಮ್ಮನ್ನ ಕರಕೊಂಡು ಬರಬೇಕಿತ್ರಿ.”

“ಆಕಿ ಬಾಯಿ ಯಾರು ಕೇಳ್ತಾರ” ಎಂದರು. ಥರ್ಮಾಸಿನ ಮುಚ್ಚಳ ತಿರುಗಿಸುತ್ತ, ನನ್ನನ್ನು ನೋಡದೆ ಹೇಳಿದರು, “ನೀನೂ ಒಬ್ಬಾಕೀನ ಹೋದಿ ಅಲ್ಲ.”

ಥರ್ಮಾಸಿನ ಚಹಾ ಆರಿತ್ತು. ಇಬ್ಬರೂ ಅದನ್ನೇ ಕುಡಿದೆವು.

ನನ್ನ ಬೂಟಿನ ಲೇಸು ಬಿಚ್ಚಿ ಅವರ ಚಪ್ಪಲಿ ಕಟ್ಟಿಕೊಟ್ಟೆ. ಇಬ್ಬರೂ ಕುಂಟುತ್ತ ಹೊರಟೆವು. ದಾರಿ ಒಮ್ಮೆಲೇ ಚಿಕ್ಕದಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ತಿರುವಿಗೇ ಬಹಳ ಹೊತ್ತು ಹಿಡಿಯಿತು. ಮಾತು ಬರಲಿಲ್ಲ. ಅಭ್ಯಾಸವಿರಲಿಲ್ಲ. ಹಿಟ್ಟಿನ ಗಿರಣಿಯ ಹತ್ತಿರ ಅವರು, “ಅಂವಾ ಸಣ್ಣಾಂವ ಇದ್ದಾಗ ಇಲ್ಲಿಂದ ಮನಿತನಾ ಹೊತ್ಕೊಂಡ ಹೋಗು ಅಂತ ಹಟಾ ಮಾಡ್ತಿದ್ದ” ಎಂದರು. “ದೊಡ್ಡಾವ್ರಾದ ಮ್ಯಾಲೂ ಮಾಡ್ತಿದ್ರು” ಎಂದೆ. ಅವರು ನನ್ನ ಮುಖ ನೋಡಿದರು. “ಹೋದ ವರ್ಷದ ಹಿಂದಿನ ಓಟ ಮುಗಿಸಿ ಬರೂವಾಗ, ಇಲ್ಲೇ, ‘ಹೊತ್ಕೊಂಡ ಹೋಗು’ ಅಂತ ರಸ್ತೆ ಮ್ಯಾಲ ಕುಂತುಬಿಟ್ಟಿದ್ರು.” ಅತ್ತೆಯ ಬಾಯಿಂದ ಒಂದು ಸದ್ದು ಬಂತು, ನಗುವೋ ಏನೋ. ತಲೆಯೆತ್ತಿ ನೋಡಿದರೆ ಗಿರಣಿ ಹಿಂದೆ ಬಿದ್ದಿತ್ತು, ನಮ್ಮ ಓಣಿಯ ತಿರುವು ಕಾಣುತ್ತಿತ್ತು.

ಮನೆ ಮುಟ್ಟಿದಾಗ ಕಾರ್ಖಾನೆಯಲ್ಲಿ ಮೂರರ ಸೈರನ್ ಕೂಗುತ್ತಿತ್ತು. ಅವರು ಒಂಬತ್ತು ತಾಸು ನಡೆದ ದಾರಿಗೆ ಮುಕ್ಕಾಲು ತಾಸು ಹಿಡಿದಿತ್ತು.

ನಾನು ಕೋಣೆಗೆ ಹೋಗಿ ಬಿದ್ದುಕೊಂಡೆ. ಅಡಿಗೆ ಮನೆಯಲ್ಲಿ ಸ್ಟವ್ ಹಚ್ಚಿದ ಸದ್ದಾಯಿತು, ಪಾತ್ರೆಯ ಸದ್ದಾಯಿತು. ಆಮೇಲೆ ಅತ್ತೆಯ ದನಿ, “ಕಿಟಕಿ ಕಡೆ ಇಡ್ಲೇನ?”

“ಬ್ಯಾಡ್ರಿ. ನಾನ ಅಲ್ಲಿಗೆ ಬರ್ತೀನಿ.”

ಗೋಡೆ ಹಿಡಿದುಕೊಂಡು ನಡೆದೆ. ಅಭ್ಯಾಸಬಲದಿಂದ ಹೆಜ್ಜೆ ಎಣಿಸಿದೆ. ಹತ್ತೊಂಬತ್ತು. ಅತ್ತೆ ಒಲೆಯ ಮುಂದೆ ನಿಂತವರು ಹಿಂದಿರುಗಿ ಲೋಟ ಕೊಟ್ಟರು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿತ್ತು. ಅಂಗಿಯ ತುದಿಯಲ್ಲಿ ಹಿಡಿದುಕೊಂಡು, ಅಲ್ಲೇ ನಿಂತು, ಆರುವವರೆಗೆ ಕಾದೆ.